ಎಲ್ಲರಿಗೂ ಜೀನ್ ಟೆಸ್ಟ್ ಬೇಕಾ? ಮೊದಲು ಲೆಕ್ಕ ಹಾಕೋಣ

2003ರಲ್ಲಿ ಮಾನವ ಜೀನೋಮ್ ಯೋಜನೆ ಮುಗಿದಾಗ ಒಟ್ಟು ಖರ್ಚು ಸುಮಾರು 300 ಕೋಟಿ ಡಾಲರ್. ಇವತ್ತು ಒಬ್ಬರ ಜೀನೋಮ್ ಓದೋಕೆ ಸಾವಿರ ಡಾಲರ್ ಕೂಡ ಬೇಕಿಲ್ಲ. ಹಾಗಾದ್ರೆ ಎಲ್ಲರಿಗೂ ಟೆಸ್ಟ್ ಮಾಡಿ, ಕ್ಯಾನ್ಸರ್ ಅಪಾಯ ಯಾರಿಗಿದೆ ಅಂತ ಮೊದಲೇ ತಿಳ್ಕೊಂಡ್ರೆ ಆಯ್ತಲ್ಲ? ನಮಗೂ ಹಾಗೇ ಅನ್ನಿಸಿತ್ತು. ಲೆಕ್ಕ ಹಾಕಿದಾಗ ಉತ್ತರ ಬೇರೆ ಬಂತು.

ಕ್ಯಾನ್ಸರ್‌ಗಳಲ್ಲಿ ವಂಶವಾಹಿಯಿಂದ ಬರುವುದು ಶೇ. 5ರಿಂದ 10ರಷ್ಟು. ಅದರಲ್ಲಿ ಹೆಸರಾದದ್ದು ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಜೀನ್‌ಗಳ ದೋಷ. ಇದಿರುವ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಜೀವನದಲ್ಲಿ ಒಮ್ಮೆ ಸ್ತನ ಕ್ಯಾನ್ಸರ್ ಬರುತ್ತದೆ. ಮೊದಲೇ ಗೊತ್ತಾದರೆ ಜೀವ ಉಳಿಸಬಹುದು, ಅದರಲ್ಲಿ ಅನುಮಾನ ಇಲ್ಲ.

ಪ್ರಶ್ನೆ ಇರೋದು, ಒಬ್ಬರನ್ನು ಹುಡುಕೋಕೆ ಎಷ್ಟು ಜನರಿಗೆ ಟೆಸ್ಟ್ ಮಾಡಬೇಕು ಅನ್ನೋದರಲ್ಲಿ. ಸಾಮಾನ್ಯ ಜನರಲ್ಲಾದರೆ ಕೆಲವು ನೂರು. ಅಶ್ಕೆನಾಜಿ ಯಹೂದಿಗಳಲ್ಲಿ ಸುಮಾರು 40ಕ್ಕೆ ಒಬ್ಬರು. ಅದಕ್ಕೇ ಇಂಗ್ಲೆಂಡಿನ ಎನ್‌ಎಚ್‌ಎಸ್ 2024ರಲ್ಲಿ ಯಹೂದಿ ಮೂಲದವರಿಗೆ ಈ ಟೆಸ್ಟ್ ಶುರುಮಾಡಿತು. ದೋಷ ಪತ್ತೆಯಾದ ರೋಗಿಯ ಮಕ್ಕಳು, ಒಡಹುಟ್ಟಿದವರಲ್ಲಾದರೆ? ಇಬ್ಬರಲ್ಲಿ ಒಬ್ಬರು! ಅಲ್ಲಿ ಹುಡುಕಬೇಕಾದ ದೋಷವೂ ಒಂದೇ, ಹಾಗಾಗಿ ಖರ್ಚೂ ಕಡಿಮೆ.

ಕುಟುಂಬದಲ್ಲಿ ಯಾರಿಗೂ ಕ್ಯಾನ್ಸರ್ ಬರದಿದ್ದರೂ ದೋಷ ಇರುವವರು ಈ ದಾರಿಯಲ್ಲಿ ತಪ್ಪಿಹೋಗ್ತಾರೆ ಅನ್ನೋ ವಾದ ಇದೆ. ಅದು ನಿಜ. ಆದರೆ ಟೆಸ್ಟ್ ಬೆಲೆ ಖರ್ಚಿನ ಆರಂಭ ಅಷ್ಟೆ. ಆಮೇಲೆ ಪ್ರತಿವರ್ಷ ಎಂಆರ್‌ಐ, ಜೆನೆಟಿಕ್ ಕೌನ್ಸೆಲಿಂಗ್, ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಇವಿಲ್ಲದೆ ಬರೀ ರಿಪೋರ್ಟ್ ಕೊಟ್ಟರೆ ಕೊಟ್ಟಂತಾಗೋದು ಭಯ ಮಾತ್ರ. ಜೊತೆಗೆ ಜಗತ್ತಿನ ಜೀನ್ ದತ್ತಾಂಶದಲ್ಲಿ ಹೆಚ್ಚಿನ ಪಾಲು ಯುರೋಪ್ ಮೂಲದವರದ್ದು. ಹಾಗಾಗಿ ಭಾರತೀಯರ ರಿಪೋರ್ಟಿನಲ್ಲಿ 'ಬದಲಾವಣೆ ಇದೆ, ಅಪಾಯವೋ ಅಲ್ಲವೋ ಗೊತ್ತಿಲ್ಲ' ಅನ್ನೋ ಉತ್ತರ ಬರುವ ಸಾಧ್ಯತೆ ಜಾಸ್ತಿ. ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುನ್ನಡೆಸಿದ ಜೀನೋಮ್ ಇಂಡಿಯಾ 10,000 ಭಾರತೀಯರ ಜೀನೋಮ್ ಓದಿದ್ದು ಇಂಥ ಕೊರತೆ ತುಂಬೋಕೇ.

ಆದ್ದರಿಂದ ನಮ್ಮ ನಿಲುವು ಇಷ್ಟು: ಮೊದಲು ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ರೋಗಿಗಳಲ್ಲಿ ವೈದ್ಯರು ಸೂಚಿಸಿದವರಿಗೆ ಉಚಿತ ಟೆಸ್ಟ್, ದೋಷ ಸಿಕ್ಕರೆ ಅವರ ಮನೆಯವರಿಗೂ ಉಚಿತ. ಊರಿಗೆಲ್ಲ ಆಮೇಲೆ.

ಆದರೆ ಈ ದಾರಿಗೆ ಅಡ್ಡ ನಿಲ್ಲೋದು ನಮ್ಮ ಮನೆಗಳ ಮೌನ. 'ಹುಡುಗಿ ಮದುವೆಗೆ ತೊಂದರೆ ಆಗುತ್ತೆ' ಅಂತ ಅತ್ತೆಯ, ದೊಡ್ಡಮ್ಮನ ಕಾಯಿಲೆಯ ಹೆಸರನ್ನೇ ನಾವು ಹೇಳಲ್ಲ. ಈ ದೋಷ ಅಪ್ಪನ ಕಡೆಯಿಂದಲೂ ಬರುತ್ತದೆ, ಹುಡುಗರಲ್ಲೂ ಇರುತ್ತದೆ. ಈ ಸಲ ರಜೆಗೆ ಊರಿಗೆ ಹೋದಾಗ ಎರಡೂ ಕಡೆಯವರ ಬಗ್ಗೆ ಕೇಳೋಣ: ಯಾರಿಗೆ, ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ? ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲ್ಲ.