ಅಗ್ಗದ ಎದೆಪಟ್ಟಿ ಸಾಕಾ?

ಮುಂಬಯಿಯಲ್ಲಿ ಮಳೆಯ ಜೋರು ಇಳಿದು, ಜನವರಿಯ ಮ್ಯಾರಥಾನ್‌ಗೆ ಹೆಸರು ಕೊಟ್ಟವರು ಶೂಗಳನ್ನು ಕೊಡವಿಕೊಂಡು ಹೊರಗೆ ಬರುವ ಹೊತ್ತಿಗೆ, ನಮ್ಮ ಓಟದ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರತಿವರ್ಷ ಅದೇ ಪ್ರಶ್ನೆ ಬರುತ್ತದೆ. "ಹಾರ್ಟ್ ರೇಟ್ ನೋಡೋಕೆ ಯಾವುದು ತಗೊಳ್ಳಲಿ? ಎರಡು ಸಾವಿರದ್ದು ಸಾಕಾ, ಇಪ್ಪತ್ತು ಸಾವಿರದ್ದೇ ಬೇಕಾ?" ಈ ಅಂಕಣ ಓದುವ ಪುಣೆ, ಚೆನ್ನೈ, ಹೈದರಾಬಾದಿನ ಗೆಳೆಯರೂ ಇದನ್ನೇ ಕೇಳಿದ್ದಾರೆ. ಹಾಗಾಗಿ ಈ ಸಲ ಇದಕ್ಕೇ ಪೂರ್ತಿ ಜಾಗ.

ಚಿಕ್ಕ ಉತ್ತರ ಮೊದಲು. ಎದೆಗೆ ಕಟ್ಟುವ ಪಟ್ಟಿಯಾದರೆ ಅಗ್ಗದ್ದು ಧಾರಾಳವಾಗಿ ಸಾಕು. ಕೈಗೆ ಕಟ್ಟುವ ಅಗ್ಗದ ವಾಚ್ ಆದರೆ ನಿಧಾನದ ಓಟಕ್ಕೆ ಪರವಾಗಿಲ್ಲ, ಬಿರುಸಿನ ಓಟಕ್ಕೆ ನೆಚ್ಚಬೇಡಿ. ಇನ್ನು ಎಷ್ಟೇ ದುಬಾರಿಯದನ್ನು ಕೊಂಡರೂ, ಅದು ತೋರಿಸುವ ಸಂಖ್ಯೆಯನ್ನು ತಪ್ಪು ಲೆಕ್ಕಕ್ಕೆ ಹೋಲಿಸಿ ನೋಡಿದರೆ ದುಡ್ಡು ದಂಡ. ಈ ಮೂರನೆಯ ಮಾತೇ ಮುಖ್ಯ. ಅದಕ್ಕೆ ಮೊದಲು ಯಂತ್ರಗಳ ವಿಷಯ ಮುಗಿಸೋಣ.

ಕೈಯ ವಾಚು ಹೃದಯವನ್ನು ನೋಡುವುದಿಲ್ಲ, ಚರ್ಮದ ಕೆಳಗಿನ ರಕ್ತವನ್ನು ನೋಡುತ್ತದೆ. ಅದರ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕನ್ನು ರಕ್ತ ಚೆನ್ನಾಗಿ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ನಾಳಗಳಲ್ಲಿ ರಕ್ತ ಒಂದಿಷ್ಟು ಉಬ್ಬುತ್ತದೆ, ವಾಪಸು ಬರುವ ಬೆಳಕು ಒಂದಿಷ್ಟು ಕುಗ್ಗುತ್ತದೆ. ಈ ಏರಿಳಿತವನ್ನು ಎಣಿಸಿ ನಿಮಿಷಕ್ಕೆ ಇಷ್ಟು ಎಂದು ಹೇಳುತ್ತದೆ. ಕುರ್ಚಿಯಲ್ಲಿ ಕೂತಾಗ, ಮಲಗಿದಾಗ ಇದು ಸೊಗಸಾಗಿ ನಡೆಯುತ್ತದೆ. ಓಡುವಾಗ ಕೈ ಬೀಸುತ್ತದೆ, ವಾಚು ಅಲುಗಾಡುತ್ತದೆ, ಪ್ರತಿ ಹೆಜ್ಜೆಗೂ ರಕ್ತ ತುಳುಕುತ್ತದೆ. ಆಗ ಬೆಳಕಿನ ಏರಿಳಿತದಲ್ಲಿ ಹೆಜ್ಜೆ ಯಾವುದು, ಬಡಿತ ಯಾವುದು ಎಂದು ಬೇರ್ಪಡಿಸುವ ಕೆಲಸ ಸಾಫ್ಟ್‌ವೇರ್‌ನದು. ದುಬಾರಿ ವಾಚುಗಳಲ್ಲಿ ಈ ಸಾಫ್ಟ್‌ವೇರ್ ಚೆನ್ನಾಗಿರುತ್ತದೆ. ಅಗ್ಗದ್ದರಲ್ಲಿ ಹಲವು ಸಲ ಅದು ಹೆಜ್ಜೆಯನ್ನೇ ಬಡಿತವೆಂದು ಎಣಿಸಿಬಿಡುತ್ತದೆ. ಓಟಗಾರರು ಇದನ್ನು ಕೇಡೆನ್ಸ್ ಲಾಕ್ ಎನ್ನುತ್ತಾರೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಗುಂಪಿನದೇ ಒಂದು ಉದಾಹರಣೆ. ಧಾರವಾಡ ಕಡೆಯವರು, ನಲವತ್ನಾಲ್ಕು ವಯಸ್ಸು, ನಾವೆಲ್ಲ ಅಣ್ಣಾ ಎಂದೇ ಕರೆಯುವುದು. ಅವರ ತಂದೆ ಐವತ್ತರೊಳಗೇ ಹೃದಯಾಘಾತದಿಂದ ತೀರಿಕೊಂಡವರು. ಅಣ್ಣ ಪಾಮ್ ಬೀಚ್ ರಸ್ತೆಯಲ್ಲಿ ನಮ್ಮೊಡನೆ ಮಾತಾಡುತ್ತಾ ಆರಾಮಾಗಿ ಓಡುತ್ತಿದ್ದರೆ ಅವರ ವಾಚು 176 ತೋರಿಸುತ್ತಿತ್ತು. "ಏನ್ ಮಾಡೂದ್ರೀ, ವಾಚ್ ನೋಡಿದ್ರ ಎದಿ ಧಸಕ್ ಅಂತದ" ಎನ್ನುತ್ತಿದ್ದರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದ ಮೇಲೆ, ಕನ್ನಡದ ಮನೆಗಳಲ್ಲಿ ವ್ಯಾಯಾಮ ಮಾಡುವ ಗಂಡಸರ ಕಡೆಗೆ ಹೆಂಡತಿಯರು ನೋಡುವ ನೋಟವೇ ಬದಲಾಗಿದೆ. ಅತ್ತಿಗೆಯವರು ಓಟ ನಿಲ್ಲಿಸಿಯೇಬಿಟ್ಟರು. ಅಣ್ಣ ಡಾಕ್ಟರ ಬಳಿ ಹೋದರು, ರಕ್ತ ಪರೀಕ್ಷೆ, ಎಕೋ, ಟಿಎಂಟಿ ಎಲ್ಲ ಆಯಿತು. ಡಾಕ್ಟರು ಓಡಬಹುದು ಎಂದರು. ಮನೆಯವರಿಗೆ ಸಮಾಧಾನವಿಲ್ಲ, ವಾಚಿನಲ್ಲಿ ಈಗಲೂ ಅದೇ 176.

ಕೊನೆಗೆ ನನ್ನ ಎದೆಪಟ್ಟಿಯನ್ನು ಅವರಿಗೆ ಕಟ್ಟಿ ಓಡಿಸಿದೆವು. ಅದೇ ರಸ್ತೆ, ಅದೇ ವೇಗ. ಪಟ್ಟಿಯಲ್ಲಿ 140, ವಾಚಿನಲ್ಲಿ 176. ಒಂದು ನಿಮಿಷ ಅವರ ಹೆಜ್ಜೆ ಎಣಿಸಿದೆವು. 176! ವಾಚು ಅಷ್ಟು ದಿನವೂ ಎಣಿಸುತ್ತಿದ್ದುದು ಅವರ ಕಾಲನ್ನು. ಎರಡು ತಿಂಗಳ ಓಟ, ಮನೆಯ ನೆಮ್ಮದಿ ಎರಡೂ ಹೋಗಿದ್ದು ಒಂದು ಸಡಿಲ ಬೆಲ್ಟಿನ ವಾಚಿನಿಂದ.

ಎದೆಪಟ್ಟಿಯ ದಾರಿ ಬೇರೆ. ಹೃದಯದ ಪ್ರತಿ ಬಡಿತದ ಹಿಂದೆ ಒಂದು ಸಣ್ಣ ವಿದ್ಯುತ್ ಅಲೆ ಇರುತ್ತದೆ. ಇಸಿಜಿ ತೆಗೆಯುವಾಗ ಕಾಗದದ ಮೇಲೆ ಚೂಪಾಗಿ ಏಳುವ ಗೆರೆ ಅದೇ. ಪಟ್ಟಿಯ ಒಳಮೈಯ ಎರಡು ಎಲೆಕ್ಟ್ರೋಡ್‌ಗಳು ಅದನ್ನು ನೇರವಾಗಿ ಹಿಡಿಯುತ್ತವೆ. ಇದು ಹೊಸ ವಿದ್ಯೆಯೂ ಅಲ್ಲ. ಫಿನ್ಲೆಂಡಿನ ಪೋಲಾರ್ ಕಂಪನಿ ತಂತಿಯಿಲ್ಲದೆ ಕೈಗೆ ಸಂಖ್ಯೆ ಕಳಿಸುವ ಮೊದಲ ಸಾಧನವನ್ನು ಮಾರುಕಟ್ಟೆಗೆ ತಂದದ್ದು 1982ರಲ್ಲಿ. ನಲವತ್ತು ವರ್ಷಗಳಲ್ಲಿ ಆ ಚೂಪು ಗೆರೆಯನ್ನು ಎಣಿಸುವ ಕೆಲಸ ಬಲು ಅಗ್ಗವಾಗಿದೆ. ಆದ್ದರಿಂದಲೇ ಎರಡು-ಮೂರು ಸಾವಿರದ ಪಟ್ಟಿಯೂ ಎಂಟು-ಹತ್ತು ಸಾವಿರದ ಪಟ್ಟಿಯೂ ಓಟದಲ್ಲಿ ಬಹುತೇಕ ಒಂದೇ ಸಂಖ್ಯೆ ಹೇಳುತ್ತವೆ. ನಾನು ಗೆಳೆಯನದ್ದೊಂದು, ನನ್ನದೊಂದು ಎರಡನ್ನೂ ಒಟ್ಟಿಗೆ ಕಟ್ಟಿಕೊಂಡು ಹಲವು ಭಾನುವಾರ ಓಡಿ ನೋಡಿದೆ. ವ್ಯತ್ಯಾಸ ಒಂದೆರಡು ಬಡಿತ, ಅಷ್ಟೆ.

ಹಾಗಾದರೆ ಹೆಚ್ಚಿನ ದುಡ್ಡು ಹೋಗುವುದು ಎಲ್ಲಿಗೆ? ಮೃದುವಾದ, ಬೇಗ ಪಿಸಿಯದ ಬಟ್ಟೆಗೆ, ಫೋನಿಲ್ಲದೆಯೂ ಓಟದ ದಾಖಲೆ ಒಳಗೇ ಇಟ್ಟುಕೊಳ್ಳುವ ಸೌಲಭ್ಯಕ್ಕೆ, ಒಂದೇ ಸಲ ಎರಡು ಸಾಧನಗಳಿಗೆ ಜೋಡಿಸುವ ಅನುಕೂಲಕ್ಕೆ, ಬಡಿತ-ಬಡಿತದ ನಡುವಿನ ಅಂತರವನ್ನು ನಿಖರವಾಗಿ ಅಳೆಯುವುದಕ್ಕೆ. ಇವೆಲ್ಲ ಒಳ್ಳೆಯವೇ, ಆದರೆ ಮೊದಲ ಹಾಫ್ ಮ್ಯಾರಥಾನ್‌ಗೆ ಸಿದ್ಧವಾಗುವವರಿಗೆ ಅವಶ್ಯವಲ್ಲ. ನಮ್ಮ ಐಟಿಯವರ ಭಾಷೆಯಲ್ಲಿ ಹೇಳುವುದಾದರೆ, ಬ್ಲೂಟೂತ್‌ನಲ್ಲಿ ಹೃದಯಬಡಿತ ಕಳಿಸುವುದಕ್ಕೆಂದೇ ಒಂದು ಸಾರ್ವತ್ರಿಕ ಪ್ರಮಾಣ ಇದೆ. ಅದನ್ನು ಪಾಲಿಸುವ ಯಾವ ಪಟ್ಟಿಯಾದರೂ ಬಹುತೇಕ ಎಲ್ಲ ಓಟದ ಆ್ಯಪ್‌ಗಳ ಜೊತೆ ಮಾತಾಡುತ್ತದೆ. ಕೊಳ್ಳುವಾಗ ಬ್ಲೂಟೂತ್ ಮತ್ತು ಆ್ಯಂಟ್ ಪ್ಲಸ್ ಎರಡೂ ಇವೆಯೇ, ಪಟ್ಟಿಯ ಬಟ್ಟೆ ಬೇರೆಯಾಗಿ ಸಿಗುತ್ತದೆಯೇ, ಬ್ಯಾಟರಿ ಸಾಮಾನ್ಯ ಅಂಗಡಿಯಲ್ಲಿ ಸಿಗುವ ಸಿಆರ್2032 ನಾಣ್ಯದ ಸೆಲ್ಲೇ ಎಂದು ನೋಡಿ. ತನ್ನದೇ ಆ್ಯಪ್‌ನಲ್ಲಿ ಮಾತ್ರ ನಡೆಯುವ ಪಟ್ಟಿ ಎಷ್ಟೇ ಅಗ್ಗವಾದರೂ ಬೇಡ.

ಈಗ ನಾನು ಹೇಳಿದ ಮೂರನೆಯ ಮಾತು. ಯಂತ್ರ 140 ಎಂದಿತು, ಸರಿ. ಅದು ನಿಮಗೆ ಹಗುರವೋ, ಬಿರುಸೋ? ಇಲ್ಲಿ ಎಲ್ಲರೂ ಹಿಡಿಯುವುದು 220ರಿಂದ ವಯಸ್ಸು ಕಳೆಯುವ ಸೂತ್ರ. 1971ರ ಒಂದು ಬರಹದಿಂದ ಹರಡಿದ ಈ ಸೂತ್ರ ನೆನಪಿಡಲು ಸುಲಭ ಎಂಬ ಕಾರಣಕ್ಕೇ ಉಳಿದುಕೊಂಡಿದೆ. 2001ರಲ್ಲಿ ಟನಾಕಾ ಮತ್ತು ಸಂಗಡಿಗರು 208ರಿಂದ ವಯಸ್ಸಿನ ಶೇಕಡಾ 70ನ್ನು ಕಳೆಯಿರಿ ಎಂದರು. ನನ್ನ 38ಕ್ಕೆ ಎರಡೂ ಸುಮಾರು 182ರ ಹತ್ತಿರ ಬರುತ್ತವೆ. 60 ವಯಸ್ಸಿಗೆ ಒಂದು 160 ಎಂದರೆ ಇನ್ನೊಂದು 166. ಆದರೆ ಎರಡೂ ಸರಾಸರಿಗಳು. ಒಂದೇ ವಯಸ್ಸಿನವರ ನಿಜವಾದ ಗರಿಷ್ಠ ಬಡಿತ ಈ ಸಂಖ್ಯೆಯಿಂದ ಹತ್ತು-ಹನ್ನೆರಡು ಆಚೀಚೆ ಇರುವುದು ತೀರಾ ಸಾಮಾನ್ಯ, ಇನ್ನೂ ದೂರ ಇರುವವರೂ ಇದ್ದಾರೆ.

ಲೆಕ್ಕ ಹಾಕಿ ನೋಡಿ. 38ರ ಇಬ್ಬರು ಗೆಳೆಯರಲ್ಲಿ ಒಬ್ಬನ ಗರಿಷ್ಠ 171, ಇನ್ನೊಬ್ಬನದು 193 ಇರಬಹುದು. ಶೇಕಡಾ 70ರ ಹಗುರ ಓಟ ಎಂದರೆ ಮೊದಲನೆಯವನಿಗೆ 120, ಎರಡನೆಯವನಿಗೆ 135. ಪಟ್ಟಿಯ ವ್ಯತ್ಯಾಸ ಒಂದೆರಡು ಬಡಿತ, ಸೂತ್ರದ ವ್ಯತ್ಯಾಸ ಹದಿನೈದು! ಅಂದರೆ ಹತ್ತು ಸಾವಿರ ಕೊಟ್ಟು ಒಂದು ಬಡಿತದ ನಿಖರತೆ ಕೊಂಡು, ಅದನ್ನು ಹದಿನೈದು ಬಡಿತ ತಪ್ಪಿರಬಹುದಾದ ಕೋಷ್ಟಕದಲ್ಲಿಟ್ಟು ನೋಡುತ್ತೇವೆ. ಅಕ್ಕಸಾಲಿಗನ ತಕ್ಕಡಿಯಲ್ಲಿ ಕಲ್ಲಂಗಡಿ ತೂಗಿದ ಹಾಗೆ.

ನಿಮ್ಮದೇ ಸಂಖ್ಯೆ ಹುಡುಕಿಕೊಳ್ಳಲು ಎರಡು ದಾರಿಗಳಿವೆ. ಮೊದಲನೆಯದಕ್ಕೆ ದುಡ್ಡೂ ಬೇಡ, ದಣಿವೂ ಬೇಡ. ಓಡುತ್ತಾ ಹದಿಮೂರರ ಮಗ್ಗಿ ಗಟ್ಟಿಯಾಗಿ ಹೇಳಿ. ಒಂದೊಂದು ಸಾಲನ್ನೂ ಉಸಿರು ಕತ್ತರಿಸದೆ ಹೇಳಲು ಆಗುತ್ತಿದ್ದರೆ ಅದು ನಿಮ್ಮ ಹಗುರ ಓಟ. ಸಾಲಿನ ನಡುವೆ ಉಸಿರು ತೆಗೆದುಕೊಳ್ಳಬೇಕಾದ ಕ್ಷಣದಲ್ಲಿ ಪಟ್ಟಿಯ ಸಂಖ್ಯೆ ನೋಡಿಕೊಳ್ಳಿ. ನಾಲ್ಕೈದು ದಿನ ಹೀಗೆ ಮಾಡಿದರೆ ನಿಮ್ಮ ಮೇಲಿನ ಗಡಿ ಸಿಗುತ್ತದೆ. ಎರಡನೆಯದು ಅಮೆರಿಕದ ತರಬೇತುದಾರ ಜೋ ಫ್ರೀಲ್ ಜನಪ್ರಿಯಗೊಳಿಸಿದ ಪರೀಕ್ಷೆ. ಚೆನ್ನಾಗಿ ವಾರ್ಮ್ ಅಪ್ ಮಾಡಿ, ಒಬ್ಬರೇ, ಅರ್ಧ ಗಂಟೆ ಒಂದೇ ಸಮನೆ ಆದಷ್ಟು ಬಿರುಸಾಗಿ ಓಡುವುದು. ಕೊನೆಯ 20 ನಿಮಿಷದ ಸರಾಸರಿ ಬಡಿತವೇ ನಿಮ್ಮ ಥ್ರೆಶೋಲ್ಡ್. ಅದರ ಶೇಕಡಾ 85ರಿಂದ 89ರ ನಡುವೆ ನಿಮ್ಮ ದೀರ್ಘ ಓಟಗಳು ಇರಲಿ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತವರು, ಬಿಪಿ, ಸಕ್ಕರೆ, ಮನೆತನದಲ್ಲಿ ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಈ ಎರಡನೆಯದಕ್ಕೆ ಕೈ ಹಾಕಬೇಡಿ. ಬಿಪಿಗೆಂದು ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಯಾವ ಸೂತ್ರವೂ ಹೊಂದುವುದಿಲ್ಲ, ಏಕೆಂದರೆ ಆ ಮಾತ್ರೆ ಬಡಿತವನ್ನೇ ತಗ್ಗಿಸಿಡುತ್ತದೆ. ಅಂಥವರಿಗೆ ಮಗ್ಗಿಯೇ ಒಳ್ಳೆಯ ಮೀಟರು.

ನಾವು ಇರುವ ಊರುಗಳ ಹವೆಯನ್ನೂ ಗಮನಿಸಬೇಕು. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಒಂದು ಗಂಟೆ ಓಡಿದರೆ ಬೆವರಿ ನೀರು ಕಡಿಮೆಯಾಗುತ್ತದೆ, ಮೈ ತಂಪು ಮಾಡಲು ರಕ್ತ ಚರ್ಮದ ಕಡೆಗೆ ಹೋಗುತ್ತದೆ. ಅದೇ ವೇಗಕ್ಕೆ ಬಡಿತ ಏರುತ್ತಾ ಹೋಗುತ್ತದೆ. ಪಟ್ಟಿ ಕೆಟ್ಟಿಲ್ಲ, ನಿಮ್ಮ ಹೃದಯ ನಿಜವಾಗಿಯೂ ಹೆಚ್ಚು ದುಡಿಯುತ್ತಿದೆ, ವೇಗ ಇಳಿಸಿ. ದೆಹಲಿಯ ಜನವರಿಯಲ್ಲಿ ಇನ್ನೊಂದು ಕಥೆ. ಚಳಿಗೆ ಕೈಯ ನಾಳಗಳು ಕುಗ್ಗುವುದರಿಂದ ವಾಚಿಗೆ ರಕ್ತವೇ ಸರಿಯಾಗಿ ಕಾಣುವುದಿಲ್ಲ. ಪಟ್ಟಿಗೂ ಅಲ್ಲಿ ಒಂದು ಕಷ್ಟ: ಬೆವರು ಬರುವ ತನಕ ಒಣಗಿದ ಎಲೆಕ್ಟ್ರೋಡ್ ಏನೇನೋ ಸಂಖ್ಯೆ ಹೇಳುತ್ತದೆ. ಕಟ್ಟುವ ಮೊದಲು ಎರಡು ಕಡೆಯೂ ಚೆನ್ನಾಗಿ ನೀರು ಹಚ್ಚಿ. ಓಡಿ ಬಂದ ಮೇಲೆ ಪಟ್ಟಿಯನ್ನು ತೊಳೆದು, ಯಂತ್ರದ ಗುಂಡಿಯನ್ನು ಕಳಚಿ ಬೇರೆ ಇಡಿ. ಅಗ್ಗದ ಪಟ್ಟಿಗಳು ಕೆಡುವುದು ಹೆಚ್ಚಾಗಿ ಬೆವರಿನ ಉಪ್ಪಿನಿಂದ.

ಈಗಾಗಲೇ ವಾಚು ಇರುವವರು ಅದನ್ನು ಎಸೆಯಬೇಕಿಲ್ಲ. ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲಕ್ಕೆ, ಬಿಗಿಯಾಗಿ ಕಟ್ಟಿ. ಅನುಮಾನ ಬಂದರೆ ನಿಂತ ತಕ್ಷಣ ಕತ್ತಿನ ಪಕ್ಕದಲ್ಲಿ ಬೆರಳಿಟ್ಟು 10 ಸೆಕೆಂಡು ಎಣಿಸಿ ಆರರಿಂದ ಗುಣಿಸಿ. ತಡ ಮಾಡಬೇಡಿ, ನಿಂತರೆ ಬಡಿತ ಬೇಗ ಇಳಿಯುತ್ತದೆ. ವಾಚು 176 ಎಂದು, ಬೆರಳು 140 ಎಂದರೆ ಬೆರಳನ್ನು ನಂಬಿ.

ಒಂದು ಮಾತು ಮಾತ್ರ ಬೆಲೆಗೆ ಸಂಬಂಧಿಸಿದ್ದಲ್ಲ. ಎರಡು ಸಾವಿರದ್ದಾಗಲಿ ಇಪ್ಪತ್ತು ಸಾವಿರದ್ದಾಗಲಿ, ಇವು ಬಡಿತ ಎಣಿಸುವ ಯಂತ್ರಗಳು. ರಕ್ತನಾಳ ಕಟ್ಟಿಕೊಂಡಿದೆಯೇ ಎಂದು ಅವಕ್ಕೆ ತಿಳಿಯದು. ಎದೆ ಬಿಗಿದರೆ, ನೋವು ದವಡೆಗೋ ಎಡಗೈಗೋ ಹರಿದರೆ, ತಲೆ ಸುತ್ತಿ ತಣ್ಣನೆ ಬೆವರು ಬಂದರೆ, ಸಂಖ್ಯೆ 120 ಇದ್ದರೂ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಆ್ಯಪ್ ತೆರೆದು ನೋಡಬೇಡಿ. ಅಣ್ಣನ ವಿಷಯದಲ್ಲೂ ಸರಿಯಾದ ಕ್ರಮ ಅದೇ ಇತ್ತು: ಮೊದಲು ಡಾಕ್ಟರು, ಆಮೇಲೆ ಪಟ್ಟಿ.

ಹಾಗಾಗಿ ದುಡ್ಡು ಖರ್ಚು ಮಾಡುವ ನನ್ನ ಕ್ರಮ ಹೀಗಿದೆ. ಮೊದಲು ಕಾಲಿಗೆ ಹೊಂದುವ ಶೂ. ನಲವತ್ತರ ಹತ್ತಿರದವರಿಗೆ ಅದರ ಜೊತೆಗೇ ಒಂದು ಆರೋಗ್ಯ ತಪಾಸಣೆ. ಮೂರನೆಯದು ಎರಡು-ಮೂರು ಸಾವಿರದ ಎದೆಪಟ್ಟಿ. ದೊಡ್ಡ ವಾಚು ಕೊನೆಗೆ, ದೀಪಾವಳಿ ಬೋನಸ್ ಬಂದರೆ ನೋಡೋಣ. ಇನ್ನು ಮಗ್ಗಿ ಮರೆತವರು ಮಕ್ಕಳ ಹತ್ತಿರ ಕೇಳಿ ಕಲಿತುಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ದೀರ್ಘ ಓಟದ ಹಿಂದಿನ ರಾತ್ರಿ ಏನು ತಿನ್ನಬೇಕು ಎಂಬ ಚರ್ಚೆ. ಮುದ್ದೆಯವರೂ ಚಪಾತಿಯವರೂ ಈಗಲೇ ಪತ್ರ ಬರೆಯಿರಿ.