ನರ್ಸಿಂಗ್ ಹೋಮುಗಳ ತಪಾಸಣೆಯ ಫಲ ನಮ್ಮ ಕಣ್ಣಿಗೂ ಬೀಳಲಿ

ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಎದೆನೋವು ಕಾಣಿಸಿಕೊಂಡರೆ ಮಂಗಲ್ಪಾಡಿಯವರಿಗೆ ಮೊದಲು ಎದುರಾಗುವ ಪ್ರಶ್ನೆ ಎಲ್ಲಿಗೆ ಕೊಂಡುಹೋಗುವುದು ಎಂಬುದು. ತಾಲೂಕು ಆಸ್ಪತ್ರೆಗೋ, ಪೇಟೆಯ ನರ್ಸಿಂಗ್ ಹೋಮಿಗೋ, ಕಾಸರಗೋಡಿಗೋ, ಅಲ್ಲ ತಲಪಾಡಿ ದಾಟಿ ಮಂಗಳೂರಿಗೋ? ಇದಕ್ಕೆ ಉತ್ತರ ಹೇಳುವವರು ನೆರೆಮನೆಯವರು, ರಿಕ್ಷಾದವರು, ನೆಂಟರಿಷ್ಟರು. "ಅಲ್ಲಿ ಚೆನ್ನಾಗಿ ನೋಡುತ್ತಾರೆ" ಎಂಬ ಬಾಯಿಮಾತೇ ನಮಗೆ ಪ್ರಮಾಣಪತ್ರ. ಆ ಆಸ್ಪತ್ರೆಯನ್ನು ಸರಕಾರದವರು ತಪಾಸಣೆ ಮಾಡಿದ್ದಾರೆಯೇ, ಮಾಡಿದ್ದರೆ ಏನನ್ನು ಕಂಡರು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ಕೇಳುವುದಕ್ಕೆ ಈಗ ಆಧಾರವಿದೆ. ಕೇರಳ ವಿಧಾನಸಭೆ 2018ರಲ್ಲಿ ಚಿಕಿತ್ಸಾ ಸಂಸ್ಥೆಗಳ ನೋಂದಣಿ ಮತ್ತು ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. 2019ರ ಜನವರಿ 1ರಿಂದ ಅದು ಜಾರಿಗೆ ಬಂತು. ಆಸ್ಪತ್ರೆ, ನರ್ಸಿಂಗ್ ಹೋಮ್, ರಕ್ತ ಪರೀಕ್ಷೆಯ ಲ್ಯಾಬ್ ಮೊದಲಾದುವು ನೋಂದಣಿ ಮಾಡಿಸಿಕೊಳ್ಳಬೇಕು, ಗೊತ್ತುಪಡಿಸಿದ ಕನಿಷ್ಠ ಗುಣಮಟ್ಟವನ್ನು ಕಾಯ್ದುಕೊಳ್ಳಬೇಕು, ಚಿಕಿತ್ಸೆಯ ದರವನ್ನು ಎಲ್ಲರಿಗೂ ಕಾಣುವಂತೆ ತೂಗಹಾಕಬೇಕು ಎಂಬುದು ಅದರ ಮುಖ್ಯಾಂಶ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಯ ಜೀವಕ್ಕೆ ಅಪಾಯವಿಲ್ಲದಂತೆ ನೋಡಿಕೊಂಡ ಬಳಿಕವೇ ಬೇರೆಡೆಗೆ ಕಳುಹಿಸಬೇಕೆಂದೂ ಅದು ಹೇಳುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಜಿಲ್ಲೆಯ ಮಟ್ಟದ ಹೊಣೆಯನ್ನು ವಹಿಸಲಾಗಿದೆ.

ಖಾಸಗಿ ಆಸ್ಪತ್ರೆಗಳವರೂ ವೈದ್ಯರ ಸಂಘದವರೂ ಈ ಕಾಯಿದೆಯನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು. 2025ರ ಜೂನ್ ತಿಂಗಳಲ್ಲಿ ಏಕಸದಸ್ಯ ಪೀಠವೂ ಅದೇ ವರ್ಷ ನವೆಂಬರ್ 26ರಂದು ವಿಭಾಗೀಯ ಪೀಠವೂ ಅವರ ವಾದವನ್ನು ತಳ್ಳಿಹಾಕಿದವು. ದರಪಟ್ಟಿ ತೂಗಹಾಕಬೇಕು, ದೂರು ಕೇಳುವ ವ್ಯವಸ್ಥೆ ಇರಬೇಕು, ಮುಂಗಡ ಹಣವಿಲ್ಲ ಎಂಬ ಕಾರಣಕ್ಕೆ ತುರ್ತು ಚಿಕಿತ್ಸೆ ನಿರಾಕರಿಸಬಾರದು ಎಂದು ವಿಭಾಗೀಯ ಪೀಠ ವಿವರವಾಗಿ ನಿರ್ದೇಶಿಸಿತು.

ಆಸ್ಪತ್ರೆ ನಡೆಸುವವರ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾವು ಹೇಳಲಾರೆವು. ಒಂದೇ ಕಾಯಿಲೆಗೆ ಒಬ್ಬ ರೋಗಿಗೆ ಆದಷ್ಟೇ ಖರ್ಚು ಇನ್ನೊಬ್ಬನಿಗೆ ಆಗಬೇಕೆಂದಿಲ್ಲ. ಹತ್ತಿಪ್ಪತ್ತು ಹಾಸಿಗೆಗಳ ನರ್ಸಿಂಗ್ ಹೋಮಿಗೆ ನಗರದ ದೊಡ್ಡ ಆಸ್ಪತ್ರೆಯ ಅಳತೆಗೋಲನ್ನು ಹಿಡಿದರೆ ಅದು ಬಾಗಿಲು ಮುಚ್ಚಬೇಕಾದೀತು. ಹಾಗಾದರೆ ನಷ್ಟ ನಮಗೇ. ತಪಾಸಣೆಯ ಹೆಸರಿನಲ್ಲಿ ಬಂದು ಕೈ ಬೆಚ್ಚಗೆ ಮಾಡಿಕೊಂಡು ಹೋಗುವವರ ಭಯವೂ ಸುಳ್ಳಲ್ಲ. ಆದುದರಿಂದ ತಪಾಸಣೆಯೆಂಬುದು ತಪ್ಪನ್ನು ತೋರಿಸಿ, ತಿದ್ದಿಕೊಳ್ಳಲು ಕಾಲಾವಕಾಶ ಕೊಟ್ಟು, ಮತ್ತೆ ಬಂದು ನೋಡುವ ಕ್ರಮವಾಗಬೇಕು. ಆದರೆ ದಿನಸಿ ಅಂಗಡಿಯ ತಕ್ಕಡಿಗೂ ಮುದ್ರೆ ಬೇಕೆನ್ನುವ ನಾಡಿನಲ್ಲಿ ಪ್ರಾಣ ಒಪ್ಪಿಸುವ ಜಾಗಕ್ಕೆ ಮುದ್ರೆ ಬೇಡವೆನ್ನುವುದು ಸರಿಯಲ್ಲ.

ತಪಾಸಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. 2011ರ ಡಿಸೆಂಬರ್ 9ರ ಮುಂಜಾನೆ ಕೋಲ್ಕತ್ತದ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿಕೊಂಡಿತು. ವಾಹನ ನಿಲ್ಲಿಸಬೇಕಾದ ಆ ಜಾಗದಲ್ಲಿ ಸುಡುವ ಸಾಮಗ್ರಿಗಳನ್ನು ರಾಶಿ ಹಾಕಲಾಗಿತ್ತು. ಹೊಗೆ ಮಹಡಿ ಮಹಡಿಗೆ ಏರಿ ತೊಂಬತ್ತರಷ್ಟು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹಾಸಿಗೆಯಿಂದ ಏಳಲಾರದ ರೋಗಿಗಳು. 2024ರ ಮೇ 25ರ ರಾತ್ರಿ ದೆಹಲಿಯ ವಿವೇಕ ವಿಹಾರದಲ್ಲಿ ಎಳೆಮಕ್ಕಳ ಖಾಸಗಿ ಆಸ್ಪತ್ರೆಯೊಂದು ಉರಿಯಿತು. ಕನಿಷ್ಠ ಆರು ಹಸುಳೆಗಳು ಪ್ರಾಣ ಕಳಕೊಂಡವು. ಆ ಆಸ್ಪತ್ರೆಯ ಪರವಾನಗಿಯ ಅವಧಿ ಮಾರ್ಚ್ 31ಕ್ಕೇ ಮುಗಿದಿತ್ತು. ಐದು ಹಾಸಿಗೆಗಳಿಗೆ ಅನುಮತಿ ಇದ್ದಲ್ಲಿ ಹನ್ನೆರಡು ಮಕ್ಕಳಿದ್ದುವು. ತುರ್ತಾಗಿ ಹೊರಬೀಳುವ ದಾರಿ ಇರಲಿಲ್ಲ ಎಂದು ಪೋಲೀಸರು ಹೇಳಿದರು. ಪರವಾನಗಿ ಮುಗಿದುದು ಸರಕಾರಿ ಕಡತದಲ್ಲಿತ್ತು. ಮಗುವನ್ನು ಅಲ್ಲಿ ಬಿಟ್ಟು ಹೋದ ತಾಯಿಗೆ ಅದು ತಿಳಿದಿರಲಿಲ್ಲ.

ನಮ್ಮ ಮುಖ್ಯ ಮಾತು ಇರುವುದು ಇಲ್ಲಿಯೇ. ತಪಾಸಣೆಯ ಫಲ ಕಚೇರಿಯ ಕಪಾಟಿನಲ್ಲಿ ಉಳಿದರೆ ಅರ್ಧ ಕೆಲಸ ಮಾತ್ರ ಆದಂತೆ. ಇಂಗ್ಲೆಂಡಿನಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮಲ್ಲಿಯಂತೆ ಸಣ್ಣ ಆಸ್ಪತ್ರೆಯಲ್ಲ, ಆರೈಕೆ ಬೇಕಾದ ವೃದ್ಧರ ನಿವಾಸ. ಅಲ್ಲಿ 2009ರಿಂದ ಒಂದು ಆಯೋಗ ಇವುಗಳನ್ನು ಪರಿಶೀಲಿಸಿ ವರದಿಯನ್ನು ಪ್ರಕಟಿಸುತ್ತದೆ. ಆಯೋಗ ಕೊಟ್ಟ ದರ್ಜೆಯನ್ನು, ಅದು ಕೆಟ್ಟದ್ದಾದರೂ ಕೂಡ, ಸಂಸ್ಥೆಯವರು ಜನರಿಗೆ ಕಾಣುವಲ್ಲಿ ತೂಗಹಾಕಬೇಕೆಂಬ ನಿಯಮ 2015ರಲ್ಲಿ ಬಂತು. ತಂದೆಯನ್ನು ಸೇರಿಸಲು ಬಂದ ಮಗನಿಗೆ ಬಾಗಿಲಲ್ಲೇ ವಿಷಯ ತಿಳಿಯುತ್ತದೆ. ನಮ್ಮ ಜಿಲ್ಲೆಯಲ್ಲೂ ಹೀಗೇಕಾಗಬಾರದು?

ಕಾಣುವಂತೆ ತೂಗಹಾಕಿದರೂ ಓದಲು ತಿಳಿಯಬೇಕಲ್ಲ? ಹೈಕೋರ್ಟಿನ ನಿರ್ದೇಶನದಲ್ಲಿ ದರಪಟ್ಟಿಗೆ ಹೇಳಿದ ಭಾಷೆಗಳು ಮಲೆಯಾಳ ಮತ್ತು ಇಂಗ್ಲಿಷ್. ತಿರುವನಂತಪುರಕ್ಕೂ ಎರ್ನಾಕುಳಕ್ಕೂ ಅಷ್ಟು ಸಾಕು. ಮಂಗಲ್ಪಾಡಿ, ಮಂಜೇಶ್ವರ, ಕುಂಬಳೆಗಳ ಕತೆ ಬೇರೆ. ಇಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿದ್ದಾರೆ. ಅವರು ಸಂತೆಯಲ್ಲಿ, ಬಸ್ಸಿನಲ್ಲಿ ಮಲೆಯಾಳ ಆಡಿಯಾರು, ಅಕ್ಷರ ಓದಲಾರರು. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಆಡಿದರೂ ಓದುಬರಹಕ್ಕೆ ಕನ್ನಡವನ್ನೇ ನೆಚ್ಚಿದ ಕುಟುಂಬಗಳು ಎಷ್ಟೋ ಇವೆ. ಮಕ್ಕಳಿಗೆ ಮಲೆಯಾಳ ಬರುತ್ತದೆ ಎಂದರೆ ಆ ಮಕ್ಕಳು ಕೊಲ್ಲಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೂತವರು ಅಜ್ಜ ಅಜ್ಜಿಯರು.

ಭಾಷೆ ಇಲ್ಲಿ ಅಭಿಮಾನದ ವಿಷಯ ಮಾತ್ರವಲ್ಲ, ಸುರಕ್ಷೆಯ ವಿಷಯ. ಶಸ್ತ್ರಕ್ರಿಯೆಗೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ರೋಗಿಗೆ ವಿಷಯವನ್ನು ಸಾಕಷ್ಟು ತಿಳಿಸಿದ ಮೇಲೆ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಕ್ರಿಯೆಗೆ ಸಲ್ಲದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಸ್ಪಷ್ಟಪಡಿಸಿದೆ. ಓದಲು ಬಾರದ ಕಾಗದಕ್ಕೆ "ಇಲ್ಲಿ ಸಹಿ ಹಾಕಿ" ಎಂದಾಗ ಹಾಕಿದ ಸಹಿ ಯಾವ ಬಗೆಯ ಒಪ್ಪಿಗೆ? ಮದ್ದಿನ ಚೀಟಿಯಲ್ಲಿ ಊಟದ ಮೊದಲು ಎಂದು ಬರೆದುದನ್ನು ಊಟದ ನಂತರ ಎಂದು ತಿಳಿದರೆ, ದಿನಕ್ಕೊಂದು ಗುಳಿಗೆಯನ್ನು ಮೂರು ಎಂದು ನುಂಗಿದರೆ, ಅದರ ಫಲವನ್ನು ಉಣ್ಣುವವನು ರೋಗಿ. ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುವ ಹತ್ತು ಜನರಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿಯಾಗುತ್ತದೆ, ಅದರಲ್ಲಿ ಅರ್ಧದಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ತಡೆಯಬಹುದಾದ ಹಾನಿಗಳಲ್ಲಿ ಮಾತು ತಿಳಿಯದೆ ಆಗುವ ಹಾನಿಯೂ ಸೇರಿದೆ.

ಮಲೆಯಾಳ ಬೇಡವೆಂದು ನಾವು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಕನ್ನಡವೂ ಇರಲಿ ಎಂಬುದಷ್ಟೇ ನಮ್ಮ ಬೇಡಿಕೆ. ಇದು ಹೊಸದೂ ಅಲ್ಲ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಾವು ವಾಸಿಸುವ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಒಪ್ಪಿಕೊಂಡಿತು. ಕಚೇರಿಯ ಅರ್ಜಿಗೆ ಸಲ್ಲುವ ನ್ಯಾಯ ಆಸ್ಪತ್ರೆಯ ಗೋಡೆಗೆ ಸಲ್ಲದೆ?

ನಮ್ಮವರಿಗೆ ಇನ್ನೊಂದು ತೊಡಕಿದೆ. ಇಲ್ಲಿಯ ನರ್ಸಿಂಗ್ ಹೋಮಿಗೆ ಕೇರಳದ ಕಾಯಿದೆ. ಇಲ್ಲಿಂದ ಕಳುಹಿಸಿದ ರೋಗಿ ತಲಪಾಡಿ ದಾಟಿದೊಡನೆ ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ. ಅಲ್ಲಿನ ದೂರು ಮಂಗಳೂರಿನಲ್ಲಿ, ಇಲ್ಲಿನ ದೂರು ಕಾಸರಗೋಡಿನಲ್ಲಿ. ಆ ಗಡಿ ಎಷ್ಟು ಗಟ್ಟಿ ಎಂಬುದನ್ನು 2020ರ ಮಾರ್ಚ್‌ನಲ್ಲಿ ಕೋವಿಡ್ ಕಾಲದಲ್ಲಿ ನೋಡಿದ್ದೇವೆ. ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿಗೆ ತಲುಪಲಾರದೆ ರೋಗಿಗಳು ಸತ್ತರು. ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋದ ಮೇಲೆ ಏಪ್ರಿಲ್‌ನಲ್ಲಿ ತುರ್ತು ರೋಗಿಗಳಿಗೆ ದಾರಿಯಾಯಿತು. ಮಂಗಳೂರು ಹತ್ತಿರವಿದೆಯಲ್ಲ ಎಂದು ಊರಿನ ಆಸ್ಪತ್ರೆಗಳ ಗುಣಮಟ್ಟವನ್ನು ಅಲಕ್ಷಿಸಬಾರದೆಂಬುದೇ ಅದರ ಪಾಠ.

ಸರಕಾರ ಮಾಡುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಕಣ್ಣಿನಿಂದಲೇ ನೋಡಬಹುದಾದುವು ಹಲವಿವೆ. ನೋಂದಣಿ ಪತ್ರ ಗೋಡೆಯಲ್ಲಿದೆಯೇ, ಅದರ ಅವಧಿ ಮುಗಿದಿದೆಯೇ ಎಂದು ನೋಡಿರಿ. ಮಹಡಿಯಿಂದ ಇಳಿಯಲು ಇನ್ನೊಂದು ಮೆಟ್ಟಲಿದೆಯೇ, ಅದರ ಬಾಗಿಲಿಗೆ ಬೀಗವೋ, ಅಡ್ಡವಾಗಿ ಹಳೆ ಮಂಚವೋ ಎಂದು ಗಮನಿಸಿರಿ. ಬೆಂಕಿ ಆರಿಸುವ ಸಿಲಿಂಡರಿನಲ್ಲಿ ತಾರೀಕು ಬರೆದಿರುತ್ತದೆ. ಒಬ್ಬ ರೋಗಿಯಿಂದ ಇನ್ನೊಬ್ಬನತ್ತ ಹೋಗುವಾಗ ನರ್ಸು ಕೈ ತೊಳೆಯುತ್ತಾರೆಯೇ? ಉಪಯೋಗಿಸಿದ ಸೂಜಿ, ಹತ್ತಿಗಳನ್ನು ಬೇರೆ ಬೇರೆ ಬಣ್ಣದ ಬುಟ್ಟಿಗಳಿಗೆ ಹಾಕಬೇಕೆಂಬ ನಿಯಮವಿದೆ. ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತದೆಯೇ? ರಾತ್ರಿ ಡಾಕ್ಟರು ಇರುತ್ತಾರೆಯೇ, ಅಲ್ಲ ಕರೆದರೆ ಬರುವವರೇ? ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಾವಳಿ ಹೇಳಿದೆ. ಇವನ್ನೆಲ್ಲ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ. ಒಳ್ಳೆಯ ವೈದ್ಯರು ಕೇಳಿದವರ ಮೇಲೆ ಸಿಟ್ಟಾಗುವುದಿಲ್ಲ.

ದೂರು ಇದ್ದರೆ ಜಗಲಿಯಲ್ಲಿ ಕೂತು ಗೊಣಗಿ ಸುಮ್ಮನಾಗುವ ಬದಲು ಕನ್ನಡದಲ್ಲೇ ಬರೆದು ಜಿಲ್ಲಾ ಪ್ರಾಧಿಕಾರಕ್ಕೆ ಕಳುಹಿಸೋಣ. ಕನ್ನಡದ ಒಂದು ದೂರೂ ಬರದಿದ್ದರೆ ಕನ್ನಡದ ಅಗತ್ಯವೇ ಇಲ್ಲವೆಂದು ಅಧಿಕಾರಿಗಳು ತಿಳಿದರೆ ಅವರ ತಪ್ಪಷ್ಟೇ ಅಲ್ಲ, ನಮ್ಮದೂ ಹೌದು.

ಸಂಬಂಧಪಟ್ಟವರಲ್ಲಿ ನಮ್ಮ ಕೋರಿಕೆ ಇಷ್ಟೆ: ಮಂಜೇಶ್ವರ, ಕಾಸರಗೋಡು ತಾಲೂಕುಗಳ ಆಸ್ಪತ್ರೆ, ನರ್ಸಿಂಗ್ ಹೋಮುಗಳಲ್ಲಿ ದರಪಟ್ಟಿ, ರೋಗಿಯ ಹಕ್ಕುಗಳು, ಒಪ್ಪಿಗೆ ಪತ್ರ, ದೂರು ಕೊಡುವ ವಿಳಾಸ ಕನ್ನಡದಲ್ಲೂ ಇರಬೇಕು. ತಪಾಸಣೆಗೆ ಬರುವ ತಂಡದಲ್ಲಿ ಕನ್ನಡ ಬಲ್ಲವರೊಬ್ಬರಿದ್ದು ಹಾಸಿಗೆಯಲ್ಲಿರುವ ರೋಗಿಯನ್ನೂ ಮಾತಾಡಿಸಬೇಕು. ಕಂಡುದನ್ನು ಜನರಿಗೆ ತಿಳಿಸಬೇಕು. ಒಂದು ಫಲಕಕ್ಕೆ ತಗಲುವ ಖರ್ಚು ದೊಡ್ಡದಲ್ಲ. ಅದನ್ನು ಓದಲಾರದೆ ಒಂದು ಜೀವ ಹೋದರೆ ಆ ನಷ್ಟವನ್ನು ಯಾವ ಕಾಯಿದೆಯೂ ತುಂಬಿಕೊಡಲಾರದು.