ಟೈರು ಉಜ್ಜಿದರೆ ಮಡ್‌ಗಾರ್ಡು ಕತ್ತರಿಸಬೇಡಿ



ಕೊಳೆರೋಗ, ಕಾಂಡಕೊರಕ, ಗೊಬ್ಬರದ ದಾಸ್ತಾನು, ಮಾರುಕಟ್ಟೆಯ ಧಾರಣೆ ಇವುಗಳ ವಿಷಯವಾಗಿ ಈ ಪುಟಗಳಲ್ಲಿ ಬರೆಯುವುದು ವಾಡಿಕೆ. ಈ ಸಲ ತೋಟದಿಂದ ಮಾಲನ್ನೂ ಮನುಷ್ಯರನ್ನೂ ಹೊತ್ತು ತರುವ ನಮ್ಮ ಜೀಪು, ಪಿಕಪ್ಪು, ಕಾರುಗಳ ವಿಚಾರವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ. ಸಂಘದ ಗೋದಾಮಿನ ಮುಂದೆ ನಿಲ್ಲುವ ವಾಹನಗಳನ್ನು ಒಂದು ವಾರ ಗಮನಿಸಿದರೆ ಸಾಕು. ಕೆಲವಕ್ಕೆ ಹಿಂದಿನ ಮಡ್‌ಗಾರ್ಡಿನ ಅಂಚು ಕತ್ತರಿಸಿದೆ. ಕೆಲವಕ್ಕೆ ಅದೇ ಅಂಚನ್ನು ಸುತ್ತಿಗೆಯಿಂದ ಬಡಿದು ಮಡಿಸಿದೆ. ಇನ್ನು ಕೆಲವಕ್ಕೆ ಟೈರಿನ ಹೊರ ಭುಜ ಸುತ್ತಲೂ ಸವೆದು ಒಳಗಿನ ನೂಲು ಕಾಣುತ್ತಿದೆ. ಕೇಳಿದರೆ ಉತ್ತರ ಒಂದೇ: "ಟೈರು ಉಜ್ಜುತ್ತಿತ್ತು, ಅದಕ್ಕೆ ಕತ್ತರಿಸಿಬಿಟ್ಟೆವು."

ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಟೈರು ಉಜ್ಜುವುದು ರೋಗವಲ್ಲ, ರೋಗದ ಲಕ್ಷಣ. ಲಕ್ಷಣವನ್ನು ಕತ್ತರಿಸಿ ತೆಗೆದರೆ ರೋಗ ಒಳಗೇ ಉಳಿಯುತ್ತದೆ. ಅದು ಹೊರಬೀಳುವುದು ತುಂಬಿದ ಗಾಡಿ ಘಾಟಿ ಇಳಿಯುವ ಹೊತ್ತಿಗೆ.

ನಂಗಲಿಯಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಕಾರಣವಿದೆ. ನಮ್ಮ ಸುತ್ತ ಕಾಫಿ ಇಲ್ಲ. ಕೊಳವೆಬಾವಿಯನ್ನು ನಂಬಿ ಅಡಿಕೆ ಇಟ್ಟವರು ಕೆಲವರು. ಉಳಿದದ್ದು ಮಾವು, ಟೊಮೆಟೊ, ಹಿಪ್ಪುನೇರಳೆ. ಹೊಯ್ಸಳರ ಶಾಸನಗಳಲ್ಲಿ ರಾಜ್ಯದ ಮೂಡಣ ಗಡಿಯೆಂದು ಹೆಸರು ಪಡೆದದ್ದು ಇದೇ ನಂಗಲಿ. ಇಂದಿಗೂ ರಾಷ್ಟ್ರೀಯ ಹೆದ್ದಾರಿ ಇಲ್ಲಿಂದಲೇ ಆಂಧ್ರಕ್ಕೆ ದಾಟುತ್ತದೆ. ಪಲಮನೇರು ಕಳೆದ ಮೇಲೆ ಮೊಗಿಲಿ ಘಾಟಿ. ಮಲೆನಾಡಿನ ಸದಸ್ಯರಿಗೆ ಶಿರಾಡಿ, ಚಾರ್ಮಾಡಿ ಹೇಗೋ ನಮಗೆ ಇದು ಹಾಗೆ. ಹೊಲದ ಕಲ್ಲುದಾರಿಯಲ್ಲಿ ಆಮೆಯಂತೆ ಬಂದ ಗಾಡಿಯೇ ಅರ್ಧ ಗಂಟೆಯಲ್ಲಿ ಹೆದ್ದಾರಿಯ ವೇಗಕ್ಕೆ ಬರುತ್ತದೆ. ಕಲ್ಲುದಾರಿಯಲ್ಲಿ ಬರೀ ಸದ್ದು ಮಾಡಿದ ಉಜ್ಜಾಟ, ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಕಾರಣವಾಗಬಲ್ಲದು.

ಮೊದಲು ಎಲ್ಲಿ ಉಜ್ಜುತ್ತದೆ ಎಂಬುದನ್ನು ಪತ್ತೆ ಮಾಡಬೇಕು. ಇದಕ್ಕೆ ದೊಡ್ಡ ಗ್ಯಾರೇಜು ಬೇಡ. ಸ್ವಲ್ಪ ಸುಣ್ಣ ಕಲಸಿ ನಾಲ್ಕೂ ಮಡ್‌ಗಾರ್ಡಿನ ಒಳಮೈಗೂ ಅಂಚಿಗೂ ಬಳಿದು ಒಣಗಲು ಬಿಡಿ. ದಿನನಿತ್ಯ ಹೊರುವಷ್ಟೇ ಭಾರ ಹೇರಿ, ಹಳ್ಳದಿಣ್ಣೆಯ ದಾರಿಯಲ್ಲಿ ನಿಧಾನವಾಗಿ ಹೋಗಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ಬನ್ನಿ. ಸುಣ್ಣ ಎಲ್ಲಿ ಹೋಗಿದೆಯೋ ಅಲ್ಲಿ ಉತ್ತರವಿದೆ. ಮೇಲ್ಭಾಗದಲ್ಲಿ ಹೋಗಿದ್ದರೆ ಕಮಾನು ಕುಸಿದಿದೆ, ಇಲ್ಲವೆ ಹೇರು ಹೆಚ್ಚಾಗಿದೆ, ಇಲ್ಲವೆ ಬಂಪ್ ಸ್ಟಾಪಿನ ರಬ್ಬರು ಬಿದ್ದುಹೋಗಿದೆ. ಹೊರ ಅಂಚಿನಲ್ಲಿ ಹೋಗಿದ್ದರೆ ಟೈರು ಅಗಲವಾಗಿದೆ, ಇಲ್ಲವೆ ರಿಮ್ಮು ಹೊರಕ್ಕೆ ಬಂದಿದೆ. ತಿರುಗಿಸಿದಾಗ ಮಾತ್ರ ಮುಂದೆ ಉಜ್ಜಿದರೆ ಟೈರಿನ ಅಳತೆ, ರಿಮ್ಮು, ಸ್ಟೀರಿಂಗಿನ ಸ್ಟಾಪ್ ಬೋಲ್ಟು ಈ ಮೂರನ್ನೂ ನೋಡಬೇಕು. ಹಿಂದೆ ಒಂದೇ ಕಡೆ ಉಜ್ಜಿದರೆ ಎಚ್ಚರ: ಕಮಾನಿನ ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲ್ಲೇ ಜಾಗ ಬಿಟ್ಟು ಸರಿದಿರಬಹುದು. ಎರಡೂ ಪಕ್ಕದಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಂಥ ಗಾಡಿಯ ಮಡ್‌ಗಾರ್ಡು ಕತ್ತರಿಸಿದರೆ ಆಗುವ ಪ್ರಯೋಜನವೇನು?

ಇನ್ನೊಂದು ಅಳತೆಯನ್ನು ಕಾಫಿ ಒಣಗಿಸುವ ಕಣದಲ್ಲಿ ಮಾಡಬಹುದು. ಅಷ್ಟು ಸಮತಟ್ಟಾದ ನೆಲ ನಮಗೆ ಬೇರೆಲ್ಲಿ ಸಿಕ್ಕೀತು? ಗಾಡಿಯನ್ನು ಖಾಲಿ ನಿಲ್ಲಿಸಿ, ಟೈರುಗಳಿಗೆ ಸರಿಯಾದ ಗಾಳಿ ಹಿಡಿಸಿ, ಪ್ರತಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟು ಎತ್ತರವಿದೆ ಎಂದು ಅಳೆದು ಬರೆದಿಡಿ. ಎಡಬಲ ಸಮವಿಲ್ಲದಿದ್ದರೆ ತಗ್ಗಿದ ಕಡೆಯ ಕಮಾನನ್ನು ಪರೀಕ್ಷಿಸಬೇಕು. ವರ್ಷಕ್ಕೊಮ್ಮೆ ಹೀಗೆ ಬರೆದಿಟ್ಟರೆ ಕಮಾನು ಎಷ್ಟು ಕುಸಿಯಿತೆಂಬುದು ಮೆಕ್ಯಾನಿಕ್ ಹೇಳುವ ಮೊದಲೇ ಮಾಲೀಕನಿಗೆ ಗೊತ್ತಿರುತ್ತದೆ.

ಈಗ ದೊಡ್ಡ ಟೈರಿನ ಮಾತು. ಬೊಲೆರೊ ಜೀಪಿಗೆ ಬರುವ ಟೈರು 215/75 ಆರ್ 15. ಇದರ ಒಟ್ಟು ಎತ್ತರ ಸುಮಾರು 703 ಮಿಲಿಮೀಟರ್. ಅದರ ಬದಲು 235/75 ಆರ್ 15 ಹಾಕಿದರೆ ಎತ್ತರ 733 ಆಗುತ್ತದೆ. ಹೆಚ್ಚಿದ್ದು 30 ಮಿಲಿಮೀಟರ್. ಅದರಲ್ಲಿ ಅರ್ಧ, ಅಂದರೆ 15 ಮಿಲಿಮೀಟರ್, ಗಾಡಿಯನ್ನು ನೆಲದಿಂದ ಎತ್ತುತ್ತದೆ. ಉಳಿದ 15 ಮಿಲಿಮೀಟರ್ ಎಲ್ಲಿ ಹೋಯಿತು? ಟೈರಿಗೂ ಮಡ್‌ಗಾರ್ಡಿಗೂ ನಡುವಿದ್ದ ಜಾಗವನ್ನು ನುಂಗಿತು. ಅಗಲದಲ್ಲಿಯೂ ಒಂದೊಂದು ಪಕ್ಕಕ್ಕೆ 10 ಮಿಲಿಮೀಟರ್ ಉಬ್ಬಿತು. ಮೀಟರು 60 ಕಿಲೋಮೀಟರ್ ತೋರಿಸುವಾಗ ನಿಜವಾದ ವೇಗ 62ರ ಮೇಲಿರುತ್ತದೆ. ಅರ್ಧ ಅಂಗುಲದ ಎತ್ತರಕ್ಕಾಗಿ ಇಷ್ಟೆಲ್ಲ ತೊಡಕು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ರಿಮ್ಮಿನ ಹಿಂದೆ ಸ್ಪೇಸರ್ ಕೊಟ್ಟು ಚಕ್ರವನ್ನು ಹೊರಕ್ಕೆ ತಳ್ಳುವುದೂ ಹೀಗೆಯೇ. ಒಳಗೆ ಉಜ್ಜುವುದು ತಪ್ಪಿ ಹೊರಗೆ ಉಜ್ಜಲು ಆರಂಭಿಸುತ್ತದೆ. ಹಬ್ಬಿನ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ.

ಟೈರು ಉಜ್ಜದಿರಲೆಂದು ಕಮಾನಿಗೆ ಒಂದೆರಡು ಪ್ಲೇಟು ಹೆಚ್ಚಿಗೆ ಸೇರಿಸುವುದು ನಮ್ಮಲ್ಲಿ ಸಾಮಾನ್ಯ. "ಕಲ್ಲು ತಗಲುವುದಿಲ್ಲ, ಹೇರೂ ಹೆಚ್ಚು ಹಿಡಿಯುತ್ತದೆ" ಎಂಬುದು ಇದರ ಪರವಾದ ವಾದ. ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವವನಲ್ಲ. ನಮ್ಮ ದಾರಿಗಳ ಸ್ಥಿತಿ ನನಗೂ ಗೊತ್ತು. ಆದರೆ ವಿಚಾರ ಮಾಡಿ ನೋಡಿ. ಹಿಂದಿನ ಆಕ್ಸಲ್ಲಿನ ನಡುವೆ ನೇತಾಡುವ ಡಿಫರೆನ್ಷಿಯಲ್ ಗುಂಡು ಕಮಾನಿನ ಕೆಳಗಿದೆ. ಎಷ್ಟು ಪ್ಲೇಟು ಸೇರಿಸಿದರೂ ಏರುವುದು ಮೇಲಿನ ಬಾಡಿ ಮಾತ್ರ. ಗುಂಡು ಇದ್ದಲ್ಲೇ ಇರುತ್ತದೆ. ಕಲ್ಲು ತಗಲುವುದೂ ಅದಕ್ಕೇ.

ಹೇರಿನ ಮಾತೂ ಅಷ್ಟೆ. ಗಾಡಿಯ ಆರ್.ಸಿ.ಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಒಂದರಿಂದ ಒಂದನ್ನು ಕಳೆದರೆ ಎಷ್ಟು ಹೇರಬಹುದೆಂಬ ಲೆಕ್ಕ ಸಿಗುತ್ತದೆ. 50 ಕಿಲೋ ಚೆರಿ ಕಾಫಿಯ 20 ಮೂಟೆಯೆಂದರೆ ಒಂದು ಟನ್ನು. ಹತ್ತಿದ ಆಳುಗಳ ತೂಕ ಬೇರೆ. ಪ್ಲೇಟು ಸೇರಿಸಿದರೆ ಕಮಾನು ತಡೆದೀತು. ಆದರೆ ಚಾಸಿಯ ಬ್ರಾಕೆಟ್ಟು, ಆಕ್ಸಲ್, ಟೈರು, ಬ್ರೇಕು ಇವು ಮೊದಲಿನವೇ. ಅದರಲ್ಲಿಯೂ ಬ್ರೇಕಿನ ವಿಷಯ ಹಲವರಿಗೆ ತಿಳಿದಿಲ್ಲ. ಕೆಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಸಣ್ಣ ಕಡ್ಡಿಯಿಂದ ಜೋಡಿಸಿದ ಒಂದು ವಾಲ್ವು ಇರುತ್ತದೆ. ಭಾರ ಬಿದ್ದು ಹಿಂಭಾಗ ತಗ್ಗಿದಂತೆಲ್ಲ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುವುದು ಅದರ ಕೆಲಸ. ಪ್ಲೇಟು ಸೇರಿಸಿ ಹಿಂಭಾಗ ತಗ್ಗದಂತೆ ಮಾಡಿದರೆ ಗಾಡಿ ಖಾಲಿಯಿದೆಯೆಂದೇ ಆ ವಾಲ್ವು ತಿಳಿಯುತ್ತದೆ. ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕು! ಘಾಟಿಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಬಿಡಿಭಾಗ ಬದಲಿಸಲೇಬಾರದೇ? ಬದಲಿಸಬೇಕು, ಸವೆದದ್ದನ್ನು ಅದರ ಅಳತೆಯದರಿಂದಲೇ. ಖರ್ಚು ಕಡಿಮೆಯದರಿಂದ ಆರಂಭಿಸುವುದು ಜಾಣತನ. ಮೊದಲು ಗಾಳಿ ಮತ್ತು ಟೈರಿನ ಅಳತೆ. ನಂತರ ಬುಷ್ಷು, ಶ್ಯಾಕಲ್ ಪಿನ್ನು, ಯು ಬೋಲ್ಟಿನ ಬಿಗಿ, ಬಂಪ್ ಸ್ಟಾಪು. ಕೊನೆಗೆ ಕಮಾನು ಮತ್ತು ಶಾಕ್ ಅಬ್ಸಾರ್ಬರ್. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಕುಣಿತವನ್ನು ನಿಲ್ಲಿಸುತ್ತದೆ. ಆದಕಾರಣ ಕುಸಿದ ಗಾಡಿಗೆ ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿಸುವುದು ವ್ಯರ್ಥ. ಅದು ಕೆಟ್ಟಿದೆಯೇ ಎಂದು ನೋಡಲು ಗಾಡಿಯ ಮೂಲೆಯನ್ನು ಒತ್ತಿ ಬಿಡಿ. ಒಂದೆರಡು ಸಲಕ್ಕಿಂತ ಹೆಚ್ಚು ಕುಣಿದರೆ ಅಥವಾ ಮೈಮೇಲೆ ಎಣ್ಣೆ ಇಳಿದಿದ್ದರೆ ಬದಲಿಸಿ. ಬದಲಿಸುವಾಗ ಎಡಬಲ ಜೋಡಿಯಾಗಿಯೇ ಬದಲಿಸಿ. ಕಮಾನು, ಕಾಯಿಲ್ ಸ್ಪ್ರಿಂಗಿಗೂ ಇದೇ ನಿಯಮ.

ಕಂಪನಿಯ ಮಾಲು ದುಬಾರಿ ಎಂಬ ದೂರು ನ್ಯಾಯವಾದದ್ದೇ. ಆದರೆ ಕಂಪನಿಯ ಡಬ್ಬಿ ಮತ್ತು ಬೀದಿಯ ಅಗ್ಗದ ಮಾಲು ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ವಾಹನ ಕಂಪನಿಗಳು ಶಾಕ್ ಅಬ್ಸಾರ್ಬರ್, ಕಮಾನು ಪ್ಲೇಟು ಮುಂತಾದುವನ್ನು ಬೇರೆ ತಯಾರಕರಿಂದ ಮಾಡಿಸಿಕೊಳ್ಳುವುದುಂಟು. 1961ರಲ್ಲಿ ಸ್ಥಾಪನೆಯಾದ ಗೇಬ್ರಿಯಲ್ ಇಂಡಿಯಾ ಅಂಥ ಒಂದು ಸಂಸ್ಥೆ. ಇಂಥ ತಯಾರಕರು ತಮ್ಮ ಹೆಸರಿನಲ್ಲಿಯೂ ಮಾರುತ್ತಾರೆ. ಅವರ ಪಟ್ಟಿಯಲ್ಲಿ ನಿಮ್ಮ ಗಾಡಿಯ ಮಾದರಿಗೆ ಕೊಟ್ಟ ನಂಬರಿನ ಮಾಲನ್ನೇ, ಜಿ.ಎಸ್.ಟಿ. ಬಿಲ್ಲಿನೊಂದಿಗೆ ಕೊಳ್ಳಿ. ಬಿಲ್ಲಿಲ್ಲದ ಮಾಲಿಗೆ ವಾರೆಂಟಿಯೂ ಇಲ್ಲ, ಕೇಳುವ ಹಕ್ಕೂ ಇಲ್ಲ. ಹಳೆಯ ಪ್ಲೇಟನ್ನು ಅಂಗಡಿಗೆ ಒಯ್ದು ಅಗಲ, ದಪ್ಪ, ಉದ್ದ ಮೂರನ್ನೂ ಹೋಲಿಸಿ ನೋಡಿ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ತಯಾರಕರು ಕೊಟ್ಟ ಮೂಲ ಸ್ವರೂಪ ಬದಲಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ದಂಡವನ್ನು ಕಟ್ಟಿಯೇವು, ಅಪಘಾತವಾದ ಮೇಲೆ ಮಾರ್ಪಾಟಿನ ನೆಪವೊಡ್ಡಿ ವಿಮೆಯವರು ತಕರಾರು ತೆಗೆದರೆ ಆ ಹೊರೆ ತೋಟದ ಮೇಲೆಯೇ ಬೀಳುತ್ತದೆ. ಜರ್ಮನಿಯಲ್ಲಿ ಸ್ಪ್ರಿಂಗು ಬದಲಿಸಿದರೆ ಆ ಭಾಗಕ್ಕೆ ಪ್ರಮಾಣಪತ್ರ ಬೇಕು, ಪರಿಣಿತರ ತಪಾಸಣೆಯೂ ಆಗಬೇಕು. ಅಂಥ ವ್ಯವಸ್ಥೆ ನಮ್ಮಲ್ಲಿ ಬೇರೂರುವವರೆಗೆ ನಮ್ಮ ಎಚ್ಚರವೇ ನಮಗೆ ಪ್ರಮಾಣಪತ್ರ.

ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ಸಹಕಾರಿಯ ಲಕ್ಷಣವಲ್ಲ. ಅಡಿಕೆ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ಬೆಳೆಗಾರರು ಕೂಡಿ ಕ್ಯಾಂಪ್ಕೊ ಕಟ್ಟಿದರು. ಕೂಡಿ ಮಾರಲು ಬಲ್ಲವರು ಕೂಡಿ ಕೊಳ್ಳಲೂ ಬಲ್ಲರು. ಆದುದರಿಂದ ಮುಂದಿನ ಸಾಮಾನ್ಯ ಸಭೆಯ ಮುಂದೆ ಮೂರು ಸಲಹೆ ಇಡಲು ಇಚ್ಛಿಸುತ್ತೇನೆ. ಒಂದು, ಕಾಫಿ ಕುಯ್ಲಿಗೂ ಅಡಿಕೆ ಸಾಗಣೆಗೂ ಮೊದಲು, ಮಳೆ ನಿಂತ ಕೂಡಲೇ, ಒಂದು ದಿನ ಕಣದಲ್ಲಿ ಸದಸ್ಯರ ವಾಹನಗಳ ಅಳತೆ ಮತ್ತು ಸುಣ್ಣದ ಪರೀಕ್ಷೆ ಆಗಲಿ. ಎರಡು, ಬುಷ್ಷು, ಶಾಕ್ ಅಬ್ಸಾರ್ಬರ್, ಕಮಾನು ಪ್ಲೇಟುಗಳ ಬೇಡಿಕೆಯನ್ನು ಒಟ್ಟುಗೂಡಿಸಿ, ಗೊಬ್ಬರಕ್ಕೆ ಮಾಡುವಂತೆ, ಸಂಘವೇ ಬಿಲ್ಲು ಸಮೇತ ತರಿಸಲಿ. ಮೂರು, ಹೊಲದ ದಾರಿಯ ಕೊರಕಲುಗಳಿಗೆ ವರ್ಷಕ್ಕೊಮ್ಮೆ ಜಲ್ಲಿ ತುಂಬಲು ಆ ದಾರಿಯ ಸದಸ್ಯರೆಲ್ಲ ಪಾಲು ಹಾಕಲಿ. ದೊಡ್ಡ ಟೈರಿಗೆ ಒಬ್ಬೊಬ್ಬರೇ ಸುರಿಯುವ ಹಣ ದಾರಿಗೆ ಬಿದ್ದರೆ ಎಲ್ಲರ ಗಾಡಿಯೂ ಉಳಿಯುತ್ತದೆ.

ಖರ್ಚು ಯಾರು ಹೊರಬೇಕು, ಬಾಕಿದಾರರಿಗೆ ಬಿಡಿಭಾಗ ಕೊಡಬೇಕೇ ಎಂಬ ಪ್ರಶ್ನೆಗಳು ಏಳುವುದು ಸಹಜ. ಅವನ್ನು ಸಭೆಯಲ್ಲಿ ಚರ್ಚಿಸೋಣ. ಒಂದು ಮಾತ್ರ ನೆನಪಿಡೋಣ: ನಮ್ಮ ಜೀಪಿನ ಹಿಂದೆ ಕುಳಿತು ಬರುವ ಕೆಲಸದವರು ಟೈರಿನ ಅಳತೆಯನ್ನಾಗಲಿ ಕಮಾನಿನ ಪ್ಲೇಟನ್ನಾಗಲಿ ಆರಿಸಿದವರಲ್ಲ. ಆರಿಸಿದವರು ನಾವು. ಅಂದಮೇಲೆ ಅವರು ಸುಕ್ಷೇಮವಾಗಿ ಮನೆ ಸೇರುವಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ.